ನೆರೆಯವನ ಮಾತು ಕೇಳುವ ಮತದಾರ

ಚುನಾವಣೆಗೂ ಗಣಿತಕ್ಕೂ ಇರುವ ನಂಟನ್ನು ಸಾಮಾನ್ಯವಾಗಿ ಮತ ಎಣಿಕೆ, ಸೀಟು ಹಂಚಿಕೆ ಮತ್ತು ಜನಾಭಿಪ್ರಾಯ ಸಮೀಕ್ಷೆಗಳ ಮಟ್ಟಿಗೆ ಮಾತ್ರ ಗುರುತಿಸಲಾಗುತ್ತದೆ. ಮತದಾರರ ಅಭಿಪ್ರಾಯ ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ, ಹೀಗೆ ದಾಟುತ್ತ ಹೋದರೆ ಇಡೀ ಸಮಾಜ ಕೊನೆಗೆ ಎಲ್ಲಿ ಬಂದು ನಿಲ್ಲುತ್ತದೆ ಎಂಬುದನ್ನು ಲೆಕ್ಕದಲ್ಲಿ ಹಿಡಿಯಲು ನಡೆದ ಯತ್ನಗಳಿಗೂ ಒಂದು ಇತಿಹಾಸವಿದೆ. ಅದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಈ ಇತಿಹಾಸದ ವಿಚಿತ್ರವೆಂದರೆ, ಇದರಲ್ಲಿ ಹೆಸರು ಮಾಡಿದ ಮಾದರಿಗಳಲ್ಲಿ ಹಲವು ಮತದಾರನನ್ನು ನೋಡಿ ರೂಪಿಸಿದವೇ ಅಲ್ಲ. ಒಂದು ಕಾಂತದೊಳಗಿನ ಪರಮಾಣುಗಳಿಗಾಗಿ ಹುಟ್ಟಿತು, ಇನ್ನೊಂದು ನೆಲಕ್ಕಾಗಿ ಕಾದಾಡುವ ಜೀವಿಗಳಿಗಾಗಿ ಹುಟ್ಟಿತು. ಮತದಾರ ಆಮೇಲೆ ಬಂದು ಸೇರಿಕೊಂಡ. ಇಲ್ಲಿ ಮಾದರಿ ಎಂದರೆ, ವಾಸ್ತವದ ನೂರು ವಿವರಗಳನ್ನು ಬದಿಗಿಟ್ಟು ಒಂದೆರಡು ನಿಯಮಗಳನ್ನಷ್ಟೇ ಉಳಿಸಿಕೊಂಡು, ಆ ನಿಯಮಗಳಿಂದ ಏನೇನು ಫಲಿಸುತ್ತದೆ ಎಂದು ಲೆಕ್ಕ ಹಾಕಿ ನೋಡುವ ಕಟ್ಟಡ ಎಂದರ್ಥ.

ಮೊದಲ ಗಣನೀಯ ಪ್ರಯತ್ನದಲ್ಲಿ ಅಭಿಪ್ರಾಯ ಹರಡುವ ಮಾತೇ ಇರಲಿಲ್ಲ. ಬಹುಮತದಿಂದ ಕೈಗೊಂಡ ತೀರ್ಮಾನ ಸರಿಯಾಗಿರುವ ಸಂಭವ ಎಷ್ಟು ಎಂಬ ಪ್ರಶ್ನೆಯನ್ನು ಫ್ರಾನ್ಸಿನ ಗಣಿತಜ್ಞ ಕೊಂಡೊರ್ಸೆ 1785ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎತ್ತಿಕೊಂಡ. ಸರಿಯುತ್ತರವಿರುವ ಒಂದು ಪ್ರಶ್ನೆಗೆ ಪ್ರತಿಯೊಬ್ಬ ಮತದಾರನೂ ಹತ್ತರಲ್ಲಿ ಆರು ಸಲ ಸರಿಯಾಗಿ ಉತ್ತರಿಸಬಲ್ಲವನಾದರೆ, ಮೂವರ ಬಹುಮತ ಸರಿಯಾಗಿರುವ ಸಂಭವ ಶೇ. 64.8 ಆಗುತ್ತದೆ, 101 ಮಂದಿಯ ಬಹುಮತಕ್ಕೆ ಅದು ಶೇ. 97ನ್ನೂ ಮೀರುತ್ತದೆ, ಅದೇ ಪ್ರತಿಯೊಬ್ಬನೂ ಸರಿಗಿಂತ ತಪ್ಪನ್ನೇ ಹೆಚ್ಚು ಸಲ ಆರಿಸುವವನಾದರೆ ಜನ ಹೆಚ್ಚಿದಷ್ಟೂ ತಪ್ಪು ಗಟ್ಟಿಯಾಗುತ್ತ ಹೋಗುತ್ತದೆ. ಈ ಲೆಕ್ಕವೆಲ್ಲ ನಿಂತಿರುವುದು ಒಂದೇ ಷರತ್ತಿನ ಮೇಲೆ, ಅದೆಂದರೆ ಒಬ್ಬನ ತೀರ್ಪು ಇನ್ನೊಬ್ಬನ ತೀರ್ಪನ್ನು ಅವಲಂಬಿಸಿರಕೂಡದು ಎಂಬುದು. ಅದಕ್ಕೂ ಮೊದಲು, 1762ರಲ್ಲಿ, ನಾಗರಿಕರು ತಮ್ಮತಮ್ಮೊಳಗೆ ಸಂಪರ್ಕವಿಲ್ಲದೆ ಯೋಚಿಸಿ ಮತ ನೀಡಿದರೆ ಸಮಷ್ಟಿಯ ಇಚ್ಛೆ ಸರಿಯಾಗಿ ಹೊರಬರುತ್ತದೆ ಎಂದು ರೂಸೋ ವಾದಿಸಿದ್ದ. ಹದಿನೆಂಟನೆಯ ಶತಮಾನದ ಆದರ್ಶ ಮತದಾರ, ಹೀಗೆ, ಕಿವಿ ಮುಚ್ಚಿಕೊಂಡವನು.

ಕಿವಿ ಮುಚ್ಚಿಕೊಂಡವರ ಸಮೂಹ ನಿಜಕ್ಕೂ ಜಾಣತನ ತೋರಬಲ್ಲದು ಎಂಬುದಕ್ಕೆ ಫ್ರಾನ್ಸಿಸ್ ಗಾಲ್ಟನ್ 1907ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕೊಟ್ಟ ಉದಾಹರಣೆ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ನಡೆದ ದನಗಳ ಪ್ರದರ್ಶನವೊಂದರಲ್ಲಿ, ಕಟ್ಟಿ ನಿಲ್ಲಿಸಿದ್ದ ಎತ್ತನ್ನು ಕಡಿದು ಹಸನು ಮಾಡಿದ ಮೇಲೆ ಮಾಂಸ ಎಷ್ಟು ತೂಗೀತು ಎಂದು ಆರು ಪೆನ್ಸ್ ಕೊಟ್ಟು ಚೀಟಿಯಲ್ಲಿ ಬರೆದು ಹಾಕುವ ಪಂದ್ಯವಿತ್ತು. ಓದಲು ಬಂದ 787 ಚೀಟಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬಂದ ಅಂದಾಜು 1,207 ಪೌಂಡು, ನಿಜವಾದ ತೂಕ 1,198 ಪೌಂಡು. ಗಾಲ್ಟನ್ ಇದನ್ನು ಪ್ರಜಾಪ್ರಭುತ್ವದ ತೀರ್ಪಿಗೆ ಹೋಲಿಸಿದ. ಆದರೆ ಎತ್ತಿನ ತೂಕದ ಪರವಾಗಿ ಯಾರೂ ಪ್ರಚಾರ ಮಾಡುವುದಿಲ್ಲ, ತಕ್ಕಡಿ ಕೊಟ್ಟ ಉತ್ತರವನ್ನು ಯಾರೂ ಪ್ರಶ್ನಿಸುವುದಿಲ್ಲ. ಚುನಾವಣೆಯಲ್ಲಿ ತಕ್ಕಡಿಯೇ ಇಲ್ಲ.

ಮತದಾರನಿಗೆ ಕಿವಿ ಇದೆ ಎಂಬುದನ್ನು ಅಂಕಿ ಅಂಶಗಳ ಮೂಲಕ ತೋರಿಸಿದವರು ಪಾಲ್ ಲಾಜರ್ಸ್‌ಫೆಲ್ಡ್. ವಿಯೆನ್ನಾದಲ್ಲಿ ಬುಧಗ್ರಹದ ಕಕ್ಷೆಯ ಬಗ್ಗೆ ಪ್ರಬಂಧ ಬರೆದು ಗಣಿತದಲ್ಲಿ ಡಾಕ್ಟರೇಟ್ ಪಡೆದಿದ್ದ ಅವರು 1933ರಲ್ಲಿ ಅಮೆರಿಕಕ್ಕೆ ಬಂದು ಸಮಾಜಶಾಸ್ತ್ರಜ್ಞರಾಗಿ ನೆಲೆಸಿದರು. ರೂಸ್‌ವೆಲ್ಟ್ ಮತ್ತು ವಿಲ್ಕಿ ಸ್ಪರ್ಧಿಸಿದ್ದ 1940ರ ಅಧ್ಯಕ್ಷೀಯ ಚುನಾವಣೆಯಲ್ಲಿ ಓಹಾಯೋ ರಾಜ್ಯದ ಈರೀ ಕೌಂಟಿಯ 600 ಮಂದಿಯನ್ನು ಮೇ ತಿಂಗಳಿನಿಂದ ನವೆಂಬರ್‌ವರೆಗೆ ಮತ್ತೆ ಮತ್ತೆ ಸಂದರ್ಶಿಸಿ, ಯಾರು ಯಾವಾಗ ಏಕೆ ಮನಸ್ಸು ಬದಲಾಯಿಸಿದರು ಎಂದು ಅವರ ತಂಡ ದಾಖಲಿಸಿತು. ರೇಡಿಯೋ ಮತ್ತು ಪತ್ರಿಕೆಗಳ ಪ್ರಭಾವವನ್ನು ಅಳೆಯಲು ಹೊರಟ ಅಧ್ಯಯನ ಅದು, ಸಿಕ್ಕಿದ್ದು ಬೇರೆಯೇ. ಹೆಚ್ಚಿನವರು ಪ್ರಚಾರ ಆರಂಭವಾಗುವ ಮೊದಲೇ ತೀರ್ಮಾನಿಸಿದ್ದರು, ತಡವಾಗಿ ತೀರ್ಮಾನಿಸಿದವರ ಮೇಲೆ ಪತ್ರಿಕೆಗಿಂತ ಮನೆಯವರ, ಜೊತೆಗೆ ದುಡಿಯುವವರ, ಪರಿಚಿತರ ಮಾತೇ ಹೆಚ್ಚು ಕೆಲಸ ಮಾಡಿತ್ತು. ಸುದ್ದಿ ಮೊದಲು ರಾಜಕೀಯದಲ್ಲಿ ಆಸಕ್ತಿಯುಳ್ಳ ಕೆಲವರನ್ನು ತಲುಪಿ, ಅವರ ಬಾಯಿಂದ ಉಳಿದವರಿಗೆ ಇಳಿಯುತ್ತದೆ ಎಂಬ ಈ ಕ್ರಮವನ್ನು 1944ರಲ್ಲಿ ಹೊರಬಂದ ಅವರ ಗ್ರಂಥ ಎರಡು ಹಂತದ ಹರಿವು ಎಂದು ಕರೆಯಿತು. ಆ ಕೆಲವರಿಗೆ ಅಭಿಪ್ರಾಯ ಮುಖಂಡರು ಎಂಬ ಹೆಸರು ಬಂತು.

ಇದೇ ಕಾಲದಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಗಣಿತದ ಸೋಂಕಿಲ್ಲದೆ ಇದಕ್ಕೆ ಸಮಾನಾಂತರವಾದ ಒಂದು ಗ್ರಹಿಕೆ ರೂಪುಗೊಳ್ಳುತ್ತಿತ್ತು ಎಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಎಂ. ಎನ್. ಶ್ರೀನಿವಾಸ್ 1948ರಲ್ಲಿ ಕ್ಷೇತ್ರಕಾರ್ಯ ನಡೆಸಿ ‘ರಾಮಪುರ’ ಎಂಬ ಹೆಸರಿನಲ್ಲಿ ವರ್ಣಿಸಿದ ಆ ಹಳ್ಳಿಯ ಕುರಿತು 1955ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ‘ವೋಟ್ ಬ್ಯಾಂಕ್’ ಎಂಬ ಪದ ಬಂತು. ಇಂದು ಆ ಪದವನ್ನು ಒಂದು ಜಾತಿ ಅಥವಾ ಧರ್ಮದ ಇಡಿಗಂಟು ಮತಗಳು ಎಂಬ ಅರ್ಥದಲ್ಲಿ, ಬಹಳ ಮಟ್ಟಿಗೆ ಬೈಗುಳವಾಗಿ, ಬಳಸಲಾಗುತ್ತದೆಯಾದರೂ ಶ್ರೀನಿವಾಸರ ಗಮನ ಇದ್ದದ್ದು ಒಡೆಯ ಮತ್ತು ಒಕ್ಕಲಿನ ನಡುವಿನ ಸಂಬಂಧದ ಮೇಲೆ. ಜಮೀನು, ಸಾಲ, ಆಪತ್ತಿನಲ್ಲಿ ಆಸರೆ ಇವುಗಳ ಮೂಲಕ ಹತ್ತಾರು ಮನೆಗಳನ್ನು ತನ್ನತ್ತ ಕಟ್ಟಿಕೊಂಡ ಯಜಮಾನ ಆ ಮನೆಗಳ ಮತಗಳನ್ನೂ ಅಭ್ಯರ್ಥಿಗೆ ಒದಗಿಸಿಕೊಡಬಲ್ಲವನಾಗಿದ್ದ. ಈರೀ ಕೌಂಟಿಯ ಮುಖಂಡ ಮಾತಿನಿಂದ ಒಲಿಸುತ್ತಿದ್ದ, ರಾಮಪುರದ ಯಜಮಾನನಿಗೆ ಮಾತಿನ ಅಗತ್ಯವೇ ಅಷ್ಟಾಗಿ ಇರಲಿಲ್ಲ. ಮುಂದೆ ಬಂದ ಗಣಿತದ ಮಾದರಿಗಳು ಇವೆರಡನ್ನೂ ‘ಪ್ರಭಾವ’ ಎಂಬ ಒಂದೇ ಅಂಕಿಯೊಳಗೆ ತುಂಬಿದವು. ಅದು ಆ ಮಾದರಿಗಳ ಅನುಕೂಲವೂ ಹೌದು, ಕುರುಡೂ ಹೌದು.

ಪ್ರಭಾವವನ್ನು ಅಂಕಿಯಾಗಿ ಬರೆಯುವ ದಾರಿಯನ್ನು ಮನಶ್ಶಾಸ್ತ್ರಜ್ಞ ಜಾನ್ ಫ್ರೆಂಚ್ 1956ರ ಲೇಖನದಲ್ಲಿ ತೋರಿಸಿದರು. ವ್ಯಕ್ತಿಗಳನ್ನು ಬಿಂದುಗಳಾಗಿಯೂ ಒಬ್ಬರ ಮೇಲೊಬ್ಬರಿಗಿರುವ ಪ್ರಭಾವವನ್ನು ಬಾಣಗಳಾಗಿಯೂ ಬರೆದು, ಪ್ರತಿಯೊಬ್ಬನೂ ತನ್ನ ಮೇಲೆ ಪ್ರಭಾವವಿರುವವರ ಅಭಿಪ್ರಾಯಗಳ ಸರಾಸರಿಯತ್ತ ಸರಿಯುತ್ತಾನೆಂದು ಭಾವಿಸಿದರೆ ಗುಂಪು ಎಲ್ಲಿ ತಲುಪುತ್ತದೆ ಎಂಬುದು ಅವರ ಪ್ರಶ್ನೆ. ಸಂಖ್ಯಾಶಾಸ್ತ್ರಜ್ಞ ಮಾರಿಸ್ ಡಿಗ್ರೂಟ್ 1974ರಲ್ಲಿ ಇದಕ್ಕೆ ಕೊಟ್ಟ ರೂಪ ಪ್ರಮಾಣವಾಗಿ ನಿಂತಿತು. ಒಂದು ಪ್ರಸ್ತಾವಕ್ಕೆ ಒಬ್ಬನ ಬೆಂಬಲ ನೂರಕ್ಕೆ 90, ಇನ್ನೊಬ್ಬನದು 30 ಎಂದಿಟ್ಟುಕೊಳ್ಳೋಣ. ಮೊದಲನೆಯವನು ತನ್ನ ಮಾತಿಗೂ ಎರಡನೆಯವನ ಮಾತಿಗೂ ಅರ್ಧರ್ಧ ಬೆಲೆ ಕೊಡುತ್ತಾನೆ. ಎರಡನೆಯವನು ತನ್ನ ಮಾತಿಗೆ ಮುಕ್ಕಾಲು, ಎದುರಿನವನ ಮಾತಿಗೆ ಕಾಲುಭಾಗ ಬೆಲೆ ಕೊಡುತ್ತಾನೆ. ಪ್ರತಿ ಸಲ ಮಾತಾಡಿದಾಗಲೂ ಇಬ್ಬರೂ ಈ ಲೆಕ್ಕದಂತೆ ಹೊಸ ಸರಾಸರಿಗೆ ಬಂದರೆ ಕೊನೆಗೆ ಇಬ್ಬರೂ ಸೇರುವುದು ನಡುವಿನ 60ರಲ್ಲಿ ಅಲ್ಲ, 50ರಲ್ಲಿ. ಕಡಿಮೆ ಕೇಳಿಸಿಕೊಂಡವನ ಆರಂಭದ ಅಭಿಪ್ರಾಯಕ್ಕೆ ಅಂತಿಮ ಒಮ್ಮತದಲ್ಲಿ ಇಮ್ಮಡಿ ತೂಕ ಸಿಕ್ಕಿರುತ್ತದೆ. ಸಭೆ ಸಮಿತಿಗಳಲ್ಲಿ ಕೂತೆದ್ದವರಿಗೆ ಇದನ್ನು ಒಪ್ಪಲು ಪುರಾವೆ ಬೇಕಾಗಲಾರದು.

ಈ ಎರಡು ಲೇಖನಗಳ ನಡುವಿನ ಕಾಲದಲ್ಲಿ, ಮತದಾರರ ಮಾದರಿ ಮೊದಲ ಬಾರಿಗೆ ವ್ಯಾಪಾರಕ್ಕೂ ಇಳಿಯಿತು. 1959ರಲ್ಲಿ ಸ್ಥಾಪನೆಯಾದ ಸಿಮ್ಯುಲ್‌ಮ್ಯಾಟಿಕ್ಸ್ ಕಾರ್ಪೊರೇಶನ್ ಎಂಬ ಸಂಸ್ಥೆ, ಹಳೆಯ ಸಮೀಕ್ಷೆಗಳ ಲಕ್ಷಕ್ಕೂ ಮೀರಿದ ಸಂದರ್ಶನಗಳನ್ನು ಒಟ್ಟುಗೂಡಿಸಿ, ಪ್ರದೇಶ, ಧರ್ಮ, ವರ್ಣ, ಲಿಂಗ, ಆರ್ಥಿಕ ಸ್ಥಿತಿ, ಪಕ್ಷನಿಷ್ಠೆ ಮೊದಲಾದವನ್ನು ಅನುಸರಿಸಿ ಅಮೆರಿಕದ ಮತದಾರರನ್ನು 480 ಬಗೆಗಳಾಗಿ ವಿಂಗಡಿಸಿ, 52 ವಿಷಯಗಳ ಬಗ್ಗೆ ಪ್ರತಿ ಬಗೆಯವರ ನಿಲುವನ್ನು ಗಣಕಯಂತ್ರಕ್ಕೆ ಊಡಿಸಿತು. ಕ್ಯಾಥೊಲಿಕ್ ಆಗಿದ್ದ ಜಾನ್ ಕೆನಡಿ 1960ರಲ್ಲಿ ಸ್ಪರ್ಧಿಸಿದಾಗ, ಧರ್ಮದ ಪ್ರಶ್ನೆ ಎದ್ದರೆ ಯಾವ ರಾಜ್ಯದಲ್ಲಿ ಲಾಭ, ಯಾವುದರಲ್ಲಿ ನಷ್ಟ ಎಂಬ ವರದಿಗಳನ್ನು ಅದು ಕೆನಡಿ ಪಾಳೆಯಕ್ಕೆ ಒದಗಿಸಿತು. ಆ ವರದಿಗಳಿಂದಲೇ ಕೆನಡಿ ಗೆದ್ದರು ಎಂಬ ಪ್ರಚಾರವನ್ನು ಒಪ್ಪಲು ಆಧಾರ ಸಾಲದು. ಆದರೂ ಹೆದರಿಕೆ ಮಾತ್ರ ನಿಜವಾಗಿಯೇ ಹಬ್ಬಿತು, 1964ರಲ್ಲಿ ಯೂಜೀನ್ ಬರ್ಡಿಕ್ ಅದೇ ‘480’ನ್ನು ಹೆಸರಾಗಿಟ್ಟುಕೊಂಡು ಒಂದು ಕಾದಂಬರಿಯನ್ನೇ ಬರೆದರು. ಸಂಸ್ಥೆ 1970ರಲ್ಲಿ ದಿವಾಳಿಯಾಯಿತು. ಈ ಇತಿಹಾಸದ ದೃಷ್ಟಿಯಿಂದ ಗಮನಿಸಬೇಕಾದ್ದೆಂದರೆ, ಆ 480 ಬಗೆಯ ಮತದಾರರು 1960ರ ಲೆಕ್ಕದಲ್ಲಿ ಪರಸ್ಪರ ಮಾತಾಡುತ್ತಿರಲಿಲ್ಲ. ಪ್ರಚಾರದ ವಿಷಯ ಮೇಲಿನಿಂದ ಬಂದು ಬೀಳುತ್ತಿತ್ತು, ಪ್ರತಿ ಬಗೆಯೂ ತನ್ನ ಪಾಡಿಗೆ ತಾನು ಅತ್ತಲೋ ಇತ್ತಲೋ ವಾಲುತ್ತಿತ್ತು. ಯಂತ್ರ ಹೊಸದು, ಮತದಾರ ಕೊಂಡೊರ್ಸೆಯ ಕಾಲದವನೇ.

ಆ ಸಂಸ್ಥೆಯ ಕೆಲಸದಲ್ಲಿ ಭಾಗಿಯಾಗಿದ್ದ ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಏಬಲ್‌ಸನ್ ಅವರೇ, 1964ರಲ್ಲಿ, ಪರಸ್ಪರ ಮಾತಾಡುವ ಜನರ ಮಾದರಿಗಳನ್ನು ಕೂಲಂಕಷವಾಗಿ ಪರೀಕ್ಷಿಸಿ ಒಂದು ಕಗ್ಗಂಟನ್ನು ಹೊರಗೆಳೆದರು. ಜನರು ನೇರವಾಗಿಯೋ ಸುತ್ತಿಬಳಸಿಯೋ ಒಬ್ಬರಿಗೊಬ್ಬರು ಮುಟ್ಟುವಂತಿದ್ದು, ಕೇಳಿದವರ ಕಡೆಗೆ ತುಸುವಾದರೂ ಸರಿಯುವವರಾದರೆ, ಕಾಲಕ್ರಮದಲ್ಲಿ ಒಮ್ಮತವಲ್ಲದೆ ಬೇರೆ ಗತಿಯೇ ಇಲ್ಲವೆಂದು ಗಣಿತ ಹೇಳುತ್ತದೆ. ಹಾಗಿದ್ದ ಮೇಲೆ, ಒಂದೇ ಊರಿನಲ್ಲಿ ದಿನಬೆಳಗಾದರೆ ಮುಖ ನೋಡುವ ಜನ ಎರಡು ಬಣಗಳಾಗಿ ದಶಕಗಟ್ಟಲೆ ಉಳಿಯುವುದು ಹೇಗೆ? ಜನ ಹೇಗೆ ಒಪ್ಪಿಗೆಗೆ ಬರುತ್ತಾರೆ ಎಂದು ಕೇಳುತ್ತಿದ್ದ ಶಾಸ್ತ್ರ, ಜನ ಏಕೆ ಒಪ್ಪಿಗೆಗೆ ಬರುವುದಿಲ್ಲ ಎಂದು ಕೇಳತೊಡಗಿದ್ದು ಇಲ್ಲಿಂದ. ಅನಂತರದ ಅರವತ್ತು ವರ್ಷಗಳ ಕೆಲಸದ ಬಹುಭಾಗವನ್ನು ಈ ಒಂದು ಪ್ರಶ್ನೆಗೆ ಕೊಟ್ಟ ಬೇರೆಬೇರೆ ಉತ್ತರಗಳೆಂದು ಓದಬಹುದು.

ಅಷ್ಟರಲ್ಲಿ ಬೇರೊಂದು ಕಡೆಯಿಂದ ಭೌತಶಾಸ್ತ್ರ ಒಳಬಂತು. ಕಬ್ಬಿಣದಂಥ ಲೋಹ ಕಾಂತವಾಗುವುದನ್ನು ವಿವರಿಸಲು ವಿಲ್‌ಹೆಲ್ಮ್ ಲೆನ್ಜ್ 1920ರಲ್ಲಿ ಸೂಚಿಸಿ, ಅವರ ಶಿಷ್ಯ ಎರ್ನ್‌ಸ್ಟ್ ಈಸಿಂಗ್ ಹ್ಯಾಂಬರ್ಗಿನಲ್ಲಿ ಬಿಡಿಸಿ 1925ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ, ಸಾಲಾಗಿ ನಿಂತ ಪುಟ್ಟ ಕಾಂತಗಳು ಮೇಲಕ್ಕೋ ಕೆಳಕ್ಕೋ ಮುಖ ಮಾಡಿರುತ್ತವೆ, ಅಕ್ಕಪಕ್ಕದವು ಒಂದೇ ಕಡೆ ತಿರುಗಲು ಎಳೆಯುತ್ತವೆ, ಶಾಖ ಅವುಗಳನ್ನು ಕದಡುತ್ತದೆ. ಒಂದು ಸಾಲಿನಲ್ಲಿ ಒಗ್ಗಟ್ಟು ಎಂದೂ ಹುಟ್ಟುವುದಿಲ್ಲವೆಂದು ಕಂಡ ಈಸಿಂಗ್ ಮೂರು ಆಯಾಮಗಳಲ್ಲೂ ಹಾಗೆಯೇ ಎಂದು ತಪ್ಪಾಗಿ ಊಹಿಸಿದರು. ಎರಡು ಆಯಾಮಗಳ ಹಾಸಿನಲ್ಲೇ, ಒಂದು ನಿರ್ದಿಷ್ಟ ಉಷ್ಣತೆಗಿಂತ ಕೆಳಗೆ, ಒಗ್ಗಟ್ಟು ಮೂಡುತ್ತದೆಂದು 1944ರಲ್ಲಿ ಲಾರ್ಸ್ ಆನ್ಸಾಗರ್ ಕೊಟ್ಟ ಪರಿಹಾರ ಸಾಬೀತುಪಡಿಸಿತು. ಯೆಹೂದಿಯಾದ ಕಾರಣಕ್ಕೆ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡು ಕೊನೆಗೆ ಅಮೆರಿಕದ ಪಿಯೋರಿಯಾದಲ್ಲಿ ಪಾಠ ಹೇಳುತ್ತ ಬಾಳಿದ ಈಸಿಂಗ್, ತಮ್ಮ ಹೆಸರು ಪ್ರಸಿದ್ಧವಾಗಿರುವುದನ್ನು ಬಹಳ ತಡವಾಗಿ ತಿಳಿದರು. ಮೇಲ್ಮುಖ, ಕೆಳಮುಖ ಎಂಬುದರ ಬದಲು ಹೌದು, ಅಲ್ಲ ಎಂದು ಓದಿಕೊಂಡರೆ ಇದೇ ಮಾದರಿ ಸಮಾಜಕ್ಕೂ ಹೊಂದುತ್ತದೆಂದು ಸ್ಟುಟ್‌ಗಾರ್ಟಿನ ವೋಲ್ಫ್‌ಗಾಂಗ್ ವೈಡ್‌ಲಿಷ್ 1971ರಲ್ಲಿ ತೋರಿಸಿದರು.

ಎಲ್ಲಕ್ಕಿಂತ ಸರಳವಾದ ಮಾದರಿಗೆ ‘ಮತದಾರ ಮಾದರಿ’ ಎಂಬ ಹೆಸರು ಬಂದದ್ದು ಬಹುಮಟ್ಟಿಗೆ ಆಕಸ್ಮಿಕ. ಪೀಟರ್ ಕ್ಲಿಫರ್ಡ್ ಮತ್ತು ಏಡನ್ ಸಡ್‌ಬರಿ 1973ರಲ್ಲಿ ಅದನ್ನು ಮಂಡಿಸಿದ್ದು ಎರಡು ಜೀವಜಾತಿಗಳು ನೆಲಕ್ಕಾಗಿ ನಡೆಸುವ ಪೈಪೋಟಿಯನ್ನು ವಿವರಿಸಲು. ರಿಚರ್ಡ್ ಹಾಲಿ ಮತ್ತು ಥಾಮಸ್ ಲಿಗೆಟ್ 1975ರಲ್ಲಿ ಅದನ್ನೇ ಶುದ್ಧ ಸಂಭವನೀಯತಾಶಾಸ್ತ್ರದ ಸಮಸ್ಯೆಯಾಗಿ ಎತ್ತಿಕೊಂಡು, ವಿವರಣೆಗೆ ಅನುಕೂಲವೆಂದು ಮತದಾರನ ವೇಷ ತೊಡಿಸಿದರು. ನಿಯಮ ಒಂದೇ: ಚೌಕುಳಿ ಹಾಸಿನ ಪ್ರತಿ ಮನೆಯಲ್ಲೂ ಒಬ್ಬನಿರುತ್ತಾನೆ, ಆಗಾಗ ಒಬ್ಬೊಬ್ಬನು ನೆರೆಯವರಲ್ಲಿ ಯಾರನ್ನಾದರೂ ಕಣ್ಣುಮುಚ್ಚಿ ಆರಿಸಿ ಅವನ ಅಭಿಪ್ರಾಯವನ್ನು ಹಾಗೆಯೇ ತನ್ನದಾಗಿಸಿಕೊಳ್ಳುತ್ತಾನೆ. ಇದರ ಫಲವನ್ನು ತಿಳಿಯಲು ಕಾಲವನ್ನು ಹಿಂದಕ್ಕೆ ತಿರುಗಿಸುವ ಚಮತ್ಕಾರವೊಂದಿದೆ. ಇಂದಿನ ಒಬ್ಬನ ಅಭಿಪ್ರಾಯ ಯಾರಿಂದ ಬಂತು, ಅವನಿಗೆ ಯಾರಿಂದ ಬಂತು ಎಂದು ಬೆನ್ನಟ್ಟಿದರೆ ಆ ಜಾಡು ದಿಕ್ಕುದೆಸೆಯಿಲ್ಲದ ನಡಿಗೆಯಂತೆ ಅಲೆಯುತ್ತದೆ. ಇಬ್ಬರ ಜಾಡುಗಳು ಎಲ್ಲಾದರೂ ಕೂಡಿದರೆ ಇಬ್ಬರ ಅಭಿಪ್ರಾಯದ ಮೂಲವೂ ಒಂದೇ. ಜಾಡುಗಳು ಕೂಡುತ್ತವೆಯೇ ಎಂಬುದು, ಅಲೆಯುವ ಒಬ್ಬನು ಹೊರಟ ಜಾಗಕ್ಕೆ ಮರಳುತ್ತಾನೆಯೇ ಎಂಬ ಪ್ರಶ್ನೆಗೆ ಸಮ. ಹೀಗೆ ಅಲೆಯುವವನು ಒಂದು ಅಥವಾ ಎರಡು ಆಯಾಮಗಳಲ್ಲಿ ಹೊರಟ ಜಾಗಕ್ಕೆ ಎಂದಾದರೂ ಮರಳಿಯೇ ತೀರುತ್ತಾನೆ, ಮೂರು ಆಯಾಮಗಳಲ್ಲಿ ಮರಳುವ ಸಂಭವ ಶೇ. 34 ಮಾತ್ರ ಎಂಬ ಫಲಿತಾಂಶದ ಬುನಾದಿಯನ್ನು ಜಾರ್ಜ್ ಪೋಲ್ಯಾ 1921ರಲ್ಲೇ ಹಾಕಿದ್ದರು. ಕುಡಿದ ಮನುಷ್ಯ ತೂರಾಡುತ್ತಲಾದರೂ ಮನೆ ಸೇರುತ್ತಾನೆ, ಕುಡಿದ ಹಕ್ಕಿ ಕಳೆದೇಹೋಗಬಹುದು ಎಂಬ ಗಣಿತಜ್ಞರ ಚಟಾಕಿ ಇದರಿಂದ ಹುಟ್ಟಿದ್ದು. ಆದ್ದರಿಂದ ಸಾಲಿನಲ್ಲೋ ಹಾಸಿನಲ್ಲೋ ನಿಂತ ಮತದಾರರು ಬರಬರುತ್ತ ಒಂದೇ ಬಣ್ಣಕ್ಕೆ ತಿರುಗುತ್ತಾರೆ, ಮೂರು ಆಯಾಮಗಳಲ್ಲಿ ಎರಡೂ ಅಭಿಪ್ರಾಯಗಳು ಕೂಡಿ ಬಾಳುತ್ತವೆ. ಇದು ಕೊನೆಯಿಲ್ಲದ ಹಾಸಿನ ಮಾತು, ಜನಸಂಖ್ಯೆ ಮಿತವಾಗಿದ್ದರೆ ಎಲ್ಲೆಡೆಯೂ ಒಮ್ಮತ ಖಚಿತ. ಪ್ರತಿಯೊಬ್ಬನಿಗೂ ಒಂದೇ ಸಂಖ್ಯೆಯ ನೆರೆಯವರಿದ್ದಲ್ಲಿ, ಆರಂಭದಲ್ಲಿ ಶೇ. 30 ಬೆಂಬಲವಿದ್ದ ಅಭಿಪ್ರಾಯ ಕೊನೆಗೆ ಗೆಲ್ಲುವ ಸಂಭವವೂ ಸರಿಯಾಗಿ ಶೇ. 30.

ಏಬಲ್‌ಸನ್ನರ ಕಗ್ಗಂಟಿಗೆ ಸಿಕ್ಕ ಒಂದು ಉತ್ತರ ಹಠ. ನೋವಾ ಫ್ರೀಡ್‌ಕಿನ್ ಮತ್ತು ಯೂಜೀನ್ ಜಾನ್ಸೆನ್ 1990ರಲ್ಲಿ, ಪ್ರತಿಯೊಬ್ಬನೂ ಎಷ್ಟೇ ಕೇಳಿಸಿಕೊಂಡರೂ ತನ್ನ ಮೂಲ ಅಭಿಪ್ರಾಯದ ಒಂದಂಶವನ್ನು ಬಿಡುವುದಿಲ್ಲವೆಂದು ಡಿಗ್ರೂಟರ ಲೆಕ್ಕಕ್ಕೆ ಸೇರಿಸಿದರು. ಒಮ್ಮತ ಒಡೆಯಿತು, ಭಿನ್ನಾಭಿಪ್ರಾಯ ಶಾಶ್ವತವಾಗಿ ಉಳಿಯಿತು. ಮತದಾರ ಮಾದರಿಯಲ್ಲಿ ಎಂದೂ ಮನಸ್ಸು ಬದಲಾಯಿಸದ ಹಠವಾದಿಯೊಬ್ಬನನ್ನು ನಿಲ್ಲಿಸಿದರೆ ಏನಾಗುತ್ತದೆಂದು 2003ರಲ್ಲಿ ಪರಿಶೀಲಿಸಿದ ಮೌರೋ ಮೊಬಿಲಿಯಾ, ಒಂದು ಮತ್ತು ಎರಡು ಆಯಾಮಗಳಲ್ಲಿ ಆ ಒಬ್ಬನೇ ಕೊನೆಗೆ ಎಲ್ಲರನ್ನೂ ತನ್ನ ಕಡೆ ಎಳೆಯುತ್ತಾನೆ, ಮೂರರಲ್ಲಿ ಅವನ ಪ್ರಭಾವ ನೆರೆಹೊರೆಗೆ ಸೀಮಿತ ಎಂದು ಕಂಡುಕೊಂಡರು. ಇನ್ನೊಂದು ಉತ್ತರ, ತೀರಾ ದೂರದ ಮಾತನ್ನು ಜನ ಕೇಳಿಸಿಕೊಳ್ಳುವುದೇ ಇಲ್ಲ ಎಂಬುದು. ಯುರೋಪಿನ ರೈತರು ಪರಿಸರಕ್ಕೆ ಹಿತವಾದ ಬೇಸಾಯದ ಕ್ರಮಗಳನ್ನು ಹೇಗೆ ಒಪ್ಪುತ್ತಾರೆ ಎಂಬ ಅಧ್ಯಯನದ ಹಿನ್ನೆಲೆಯಲ್ಲಿ ಗಿಯೋಮ್ ದೆಫುವಾಂ ಮತ್ತು ಸಂಗಡಿಗರು 2000ದಲ್ಲಿ ರೂಪಿಸಿದ ಮಾದರಿಯಲ್ಲಿ, ಸೊನ್ನೆಯಿಂದ ಒಂದರವರೆಗಿನ ಅಳತೆಗೋಲಿನ ಮೇಲೆ ಇಬ್ಬರ ಅಭಿಪ್ರಾಯಗಳ ಅಂತರ ಒಂದು ಮಿತಿಯೊಳಗಿದ್ದರೆ ಮಾತ್ರ ಅವರು ಹತ್ತಿರ ಸರಿಯುತ್ತಾರೆ. ಆ ಮಿತಿ 0.5ನ್ನು ದಾಟಿದರೆ ಸಮಾಜ ಒಂದಾಗುತ್ತದೆ, 0.2ಕ್ಕೆ ಇಳಿದರೆ ಎರಡು ಬಣಗಳಾಗಿ ಗಟ್ಟಿಗೊಳ್ಳುತ್ತದೆ. ರೈನರ್ ಹೆಗ್‌ಸೆಲ್ಮನ್ ಮತ್ತು ಉಲ್‌ರಿಷ್ ಕ್ರೌಸೆ 2002ರಲ್ಲಿ ಇದರ ಸೋದರ ಮಾದರಿಯೊಂದನ್ನು ಪ್ರಕಟಿಸಿದರು.

ಊಹೆಯ ಕಟ್ಟಡದಿಂದ ಭವಿಷ್ಯ ಹೇಳುವತ್ತ ದಿಟ್ಟವಾಗಿ ಹೆಜ್ಜೆಯಿಟ್ಟವರು ಫ್ರಾನ್ಸಿನ ಸೆರ್ಜ್ ಗಲಾಂ. ಮೂರು ಮೂರು ಜನರ ಗುಂಪುಗಳು ಬಹುಮತದಿಂದ ಒಬ್ಬೊಬ್ಬ ಪ್ರತಿನಿಧಿಯನ್ನು ಆರಿಸಿ, ಆ ಪ್ರತಿನಿಧಿಗಳು ಮತ್ತೆ ಮೂವರಂತೆ ಕೂಡಿ ಮೇಲಿನವರನ್ನು ಆರಿಸುತ್ತ ಹೋದರೆ, ತಳದಲ್ಲಿ ಶೇ. 45 ಇದ್ದ ಪಕ್ಷದ ಪಾಲು ಮೇಲೇರಿದಂತೆ 42.5, 38.9, 33.6, 26.3, 17.1 ಎಂದು ಕರಗಿ ಕೆಲವೇ ಹಂತಗಳಲ್ಲಿ ಇಲ್ಲವಾಗುತ್ತದೆ. ಗುಂಪಿನಲ್ಲಿ ನಾಲ್ವರಿದ್ದು, ಸಮಬಲ ಬಂದಾಗ ಅಧಿಕಾರದಲ್ಲಿರುವವರೇ ಮುಂದುವರಿಯುತ್ತಾರೆಂಬ ನಿಯಮವಿದ್ದರೆ, ಎದುರಾಳಿ ತುದಿಯನ್ನು ಮುಟ್ಟಲು ತಳದಲ್ಲಿ ಶೇ. 77ರಷ್ಟು ಬೆಂಬಲ ಬೇಕು. 1986ರ ಈ ಲೆಕ್ಕದ ಸೊಗಸು ನಿರ್ವಿವಾದ. ಇದನ್ನೇ ಮಾತುಕತೆಯ ಗುಂಪುಗಳಿಗೆ ಒಗ್ಗಿಸಿ, ಯುರೋಪಿನ ಸಂವಿಧಾನದ ಬಗ್ಗೆ 2005ರಲ್ಲಿ ಫ್ರಾನ್ಸಿನಲ್ಲಿ ನಡೆದ ಜನಮತಗಣನೆಯಲ್ಲಿ ‘ಬೇಡ’ ಗೆಲ್ಲಬಹುದೆಂದು ಗಲಾಂ ಮುಂಚೆಯೇ ಹೇಳಿದರು, ಸುಮಾರು ಶೇ. 55 ಮತಗಳಿಂದ ಅದು ಗೆದ್ದಿತು. ಮತ ಹಾಕದೆ ಉಳಿಯುವವರ ಪ್ರಮಾಣದ ವ್ಯತ್ಯಾಸದಿಂದಾಗಿ 2017ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮರೀನ್ ಲ ಪೆನ್ ಗೆಲ್ಲಬಹುದೆಂದೂ ವಾದಿಸಿದರು, ಆಕೆಗೆ ಬಂದದ್ದು ಸುಮಾರು ಶೇ. 34. ಸರಿಹೋದದ್ದನ್ನು ಮಾದರಿಯ ಗೆಲುವೆಂದು ಎಣಿಸುವವರು ತಪ್ಪಿದ್ದನ್ನೂ ಅದೇ ಖಾತೆಗೆ ಬರೆಯಬೇಕಾಗುತ್ತದೆ.

ಯಾರು ಗೆಲ್ಲುತ್ತಾರೆಂಬುದನ್ನು ಬಿಟ್ಟು, ಮತಗಳು ಹಂಚಿಹೋಗುವ ಆಕಾರವನ್ನು ನೋಡತೊಡಗಿದ ಮೇಲೆ ಈ ಶಾಸ್ತ್ರದ ಕಾಲು ನೆಲಕ್ಕೆ ತಾಗಿತು. ಬ್ರೆಜಿಲಿನ 1998ರ ಚುನಾವಣೆಯಲ್ಲಿ ಅಭ್ಯರ್ಥಿಗಳು ಪಡೆದ ಮತಗಳ ಹಂಚಿಕೆ ಒಂದು ಸರಳ ನಿಯಮವನ್ನು, ಸ್ಥೂಲವಾಗಿ ಮತ ಎಷ್ಟು ಪಟ್ಟು ಹೆಚ್ಚೋ ಅಷ್ಟನ್ನು ಪಡೆದವರು ಅಷ್ಟು ಪಟ್ಟು ವಿರಳ ಎಂಬುದನ್ನು, ಅನುಸರಿಸುತ್ತದೆಂದು ಅಲ್ಲಿನ ಭೌತವಿಜ್ಞಾನಿಗಳು ಮರುವರ್ಷ ತೋರಿಸಿದರು. ಸಾಂಟೊ ಫೊರ್ಟುನಾಟೊ ಮತ್ತು ಕ್ಲಾಡಿಯೊ ಕಾಸ್ಟೆಲಾನೊ 2007ರಲ್ಲಿ, ಅಭ್ಯರ್ಥಿಯ ಮತವನ್ನು ಅವನ ಪಕ್ಷದ ಸರಾಸರಿಯಿಂದ ಭಾಗಿಸಿದರೆ ಇಟಲಿ, ಪೋಲೆಂಡ್ ಮತ್ತು ಫಿನ್ಲೆಂಡ್‌ಗಳ ಬೇರೆ ಬೇರೆ ವರ್ಷಗಳ ಚುನಾವಣೆಗಳೆಲ್ಲ ಒಂದೇ ವಕ್ರರೇಖೆಯ ಮೇಲೆ ಕೂರುತ್ತವೆಂದು ಕಂಡು, ಅಭ್ಯರ್ಥಿಯಿಂದ ಪರಿಚಿತರಿಗೆ, ಅವರಿಂದ ಅವರ ಪರಿಚಿತರಿಗೆ ಕವಲೊಡೆಯುವ ಬಾಯಿಮಾತಿನಿಂದ ಅದನ್ನು ವಿವರಿಸಿದರು. ಮಯೋರ್ಕಾ ದ್ವೀಪದ ಸಂಶೋಧಕರ ಗುಂಪೊಂದು 2014ರಲ್ಲಿ, ಮತದಾರ ಮಾದರಿ ನಿಜಕ್ಕೂ ಮತದಾರರ ಮಾದರಿಯೇ ಎಂದು ಲೇಖನದ ಶೀರ್ಷಿಕೆಯಲ್ಲೇ ಕೇಳಿತು. 1980ರಿಂದ 2012ರವರೆಗಿನ ಅಮೆರಿಕದ ಅಧ್ಯಕ್ಷೀಯ ಚುನಾವಣೆಗಳ ಕೌಂಟಿವಾರು ಅಂಕಿಗಳನ್ನು ಮುಂದಿಟ್ಟು, ಜನ ವಾಸಿಸುವ ಮತ್ತು ದುಡಿಯಲು ಹೋಗುವ ಊರುಗಳ ಅಂಕಿ ಅಂಶವನ್ನು ಮಾದರಿಗೆ ಸೇರಿಸಿ, ಜೊತೆಗೆ ತುಸು ಗದ್ದಲವನ್ನೂ, ಅಂದರೆ ಯಾರನ್ನೂ ಅನುಕರಿಸದ ಆಕಸ್ಮಿಕ ಏರಿಳಿತವನ್ನೂ, ಬೆರೆಸಿದಾಗ, ಕೌಂಟಿಗಳ ನಡುವಿನ ವ್ಯತ್ಯಾಸದ ಪ್ರಮಾಣವೂ ದೂರ ಹೆಚ್ಚಿದಂತೆ ಸಾಮ್ಯ ಮೆಲ್ಲನೆ ಇಳಿಯುವ ರೀತಿಯೂ ವಾಸ್ತವಕ್ಕೆ ಹೊಂದಿದವು. ಅಭ್ಯರ್ಥಿ ಯಾರು, ಪಕ್ಷ ಯಾವುದು, ಆ ವರ್ಷ ಬೆಲೆ ಏರಿತ್ತೇ ಎಂಬುದಕ್ಕೆ ಆ ಲೆಕ್ಕದಲ್ಲಿ ಜಾಗವಿಲ್ಲ.

ಭಾರತದಲ್ಲಿ ಈ ಕೆಲಸದ ಮುಖ್ಯ ನೆಲೆ ಕೊಲ್ಕತ್ತಾ. ಅನಿಲದ ಅಣುಗಳು ಢಿಕ್ಕಿಯಾದಾಗ ಶಕ್ತಿ ವಿನಿಮಯವಾಗುವಂತೆ ಇಬ್ಬರು ಭೇಟಿಯಾದಾಗ ಅಭಿಪ್ರಾಯ ವಿನಿಮಯವಾಗುತ್ತದೆಂಬ ಮಾದರಿಗಳನ್ನು ಬಿಕಾಸ್ ಚಕ್ರವರ್ತಿ, ಪರಂಗಮಾ ಸೇನ್ ಮತ್ತು ಅವರ ಸಹೋದ್ಯೋಗಿಗಳು 2010ರ ಸುಮಾರಿನಿಂದ ಬೆಳೆಸಿದ್ದಾರೆ. ಸೌಮ್ಯಜ್ಯೋತಿ ಬಿಸ್ವಾಸ್ ಮತ್ತು ಸೇನ್ 2017ರಲ್ಲಿ, ಒಟ್ಟು ಮತಗಳಲ್ಲಿ ಹಿಂದಿದ್ದವರು ಅಮೆರಿಕದ ಅಧ್ಯಕ್ಷರಾಗುವ ಸಂದರ್ಭಗಳಿಗೆ ಇಂಥ ಮಾದರಿಯನ್ನು ಅನ್ವಯಿಸಿದರು. ಭಾರತದ ಚುನಾವಣೆಗಳಲ್ಲಿ ಅಂಕಿ ಅಂಶಕ್ಕೆ ಕೊರತೆಯಿಲ್ಲ. ವಿದ್ಯುನ್ಮಾನ ಮತಯಂತ್ರಗಳು ಬಂದ ಮೇಲೆ ಪ್ರತಿ ಮತಗಟ್ಟೆಯ ಎಣಿಕೆಯೂ ನಮೂನೆ 20 ಎಂಬ ಫಲಿತಾಂಶ ಪಟ್ಟಿಯಲ್ಲಿ ಬಹಿರಂಗವಾಗುತ್ತದೆ, ಕೆಲವು ನೂರು ಮನೆಗಳ ಒಂದು ಕೇರಿ ಯಾರತ್ತ ವಾಲಿತೆಂದು ಯಾರು ಬೇಕಾದರೂ ಓದಬಹುದು. ನೆರೆಹೊರೆಯ ಪ್ರಭಾವವನ್ನು ಅಳೆಯ ಹೊರಟವನಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ. ಶ್ರೀನಿವಾಸರು ಕಂಡ ಯಜಮಾನನಂಥವನಿಗೂ ಅಷ್ಟೇ ಒಳ್ಳೆಯ ಸಾಮಗ್ರಿ ಇದು, ಏಕೆಂದರೆ ಯಾವ ಕೇರಿ ಮಾತು ತಪ್ಪಿತೆಂಬುದು ಅವನಿಗೂ ಅದರಿಂದಲೇ ತಿಳಿಯುತ್ತದೆ. ಕಾಗದದ ಮತಪತ್ರಗಳ ಕಾಲದಲ್ಲಿ ಬೇರೆ ಬೇರೆ ಪೆಟ್ಟಿಗೆಗಳ ಮತಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಅದೇ ರಕ್ಷಣೆಯನ್ನು ಮರಳಿ ತರಲು, ಸುಮಾರು 14 ಮತಗಟ್ಟೆಗಳ ಯಂತ್ರಗಳನ್ನು ಜೋಡಿಸಿ ಒಟ್ಟು ಮೊತ್ತವನ್ನಷ್ಟೇ ತೋರಿಸುವ ‘ಟೋಟಲೈಸರ್’ ಎಂಬ ಉಪಕರಣವನ್ನು ಚುನಾವಣಾ ಆಯೋಗ 2008ರಲ್ಲಿ ಪ್ರಸ್ತಾಪಿಸಿತು, ಕಾನೂನು ಆಯೋಗ 2015ರ ತನ್ನ 255ನೆಯ ವರದಿಯಲ್ಲಿ ಬೆಂಬಲಿಸಿತು. ಎಣಿಕೆ ಮಾತ್ರ ಮತಗಟ್ಟೆವಾರಾಗಿಯೇ ನಡೆದುಬಂದಿದೆ.